ಕ್ಯಾಮ್‌ಕಾರ್ಡರ್ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವುದು: ಮೊದಲು ಬೂಷ್ಟು, ಆಮೇಲೆ ಡಾಂಗಲ್

ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಡಾಂಗಲ್ ಆರ್ಡರ್ ಮಾಡುವ ಮೊದಲು ಕ್ಯಾಸೆಟ್ಟನ್ನೊಮ್ಮೆ ಟಾರ್ಚ್ ಹಾಕಿ ನೋಡಿ. ಈ ಕೆಲಸ ಹೇಳಿಕೊಡುವ ಹೆಚ್ಚಿನ ವಿಡಿಯೋಗಳು ಯಾವ ವೈರ್ ಎಲ್ಲಿ ಚುಚ್ಚಬೇಕು ಎಂಬಲ್ಲಿಂದ ಶುರುವಾಗುತ್ತವೆ. ಒಣ ಹವೆಯ ಊರಿನವರಿಗೆ ಅಷ್ಟು ಸಾಕು. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ, ಇಲ್ಲವೇ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಕ್ಯಾಸೆಟ್ಟಿಗೆ ಅಷ್ಟು ಸಾಲದು. ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಿದರೆ ಆ ಪುಡಿ ಟೇಪನ್ನು ಓದುವ ಹೆಡ್‌ಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ದಾಟುತ್ತದೆ. ಹತ್ತು ಕ್ಯಾಸೆಟ್ ಹಾಳಾಗಲು ಒಂದು ಸಾಕು.

ಕ್ಯಾಸೆಟ್ಟಿನ ಕಿಟಕಿಯೊಳಗೆ ರೀಲಿನ ಅಂಚು ಕಾಣುತ್ತದಲ್ಲ, ಅದು ನುಣ್ಣಗೆ ಕಪ್ಪು ಅಥವಾ ಕಡುಕಂದು ಬಣ್ಣದಲ್ಲಿ ಹೊಳೆಯಬೇಕು. ಬಿಳಿ ಚುಕ್ಕೆ, ಬೂದಿ ಉದುರಿದಂಥ ಪುಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದನ್ನು ಬೇರೆ ಚೀಲದಲ್ಲಿ ಕಟ್ಟಿ ಪಕ್ಕಕ್ಕಿಡಿ. ವಿಎಚ್‌ಎಸ್ (ವಿಸಿಆರ್‌ಗೆ ಹಾಕುವ ದೊಡ್ಡ ಕ್ಯಾಸೆಟ್) ಆದರೆ ಬದಿಯ ಸಣ್ಣ ಗುಂಡಿ ಒತ್ತಿ ಮುಂದಿನ ಬಾಗಿಲೆತ್ತಿ ಟೇಪಿನ ಮೈಯನ್ನೂ ನೋಡಬಹುದು. ಟೇಪನ್ನು ಬೆರಳಿನಿಂದ ಮುಟ್ಟಬೇಡಿ, ಮಾಸ್ಕ್ ಹಾಕಿಕೊಳ್ಳದೆ ಮೂಗಿನ ಹತ್ತಿರ ಹಿಡಿಯಬೇಡಿ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮೊದಲು ಒಣಗಿಸಬೇಕು. ಬಿಗಿ ಮುಚ್ಚಳದ ಡಬ್ಬದಲ್ಲಿ 200 ಗ್ರಾಂನಷ್ಟು ಸಿಲಿಕಾ ಜೆಲ್ ಹಾಕಿ, ಕ್ಯಾಸೆಟ್ಟನ್ನು ನಿಲ್ಲಿಸಿಟ್ಟು ಎರಡು ವಾರ ಬಿಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ತುಂಬಿದೆ ಎಂದರ್ಥ, ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಧೂಳು ಒಳಗೆ ಸೇರುತ್ತದೆ. ಬಿಸಿಲಿಗೂ ಬೇಡ. ಅಡಿಕೆ ಡ್ರೈಯರ್ ಮನೆಯಲ್ಲೇ ಇದೆ ಎಂದು ಅದರ ಕಡೆ ಕಣ್ಣು ಹಾಯಿಸುವವರೂ ಇದ್ದಾರೆ. ಆ ಬಿಸಿಗೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ, ಟೇಪೂ ಹಿಗ್ಗುತ್ತದೆ.

ಒಣಗಿದ ಬೂಷ್ಟು ಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿನ ತಳದಲ್ಲಿ ಐದು ಸ್ಕ್ರೂ ಇವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗಿನ ಸಣ್ಣ ಸ್ಪ್ರಿಂಗ್ ಹಾರಿದರೆ ಎಲ್ಲಿಯದೆಂದು ತಿಳಿಯುವುದಿಲ್ಲ. ಚಿಪ್ಪಿನ ಒಳಮೈ ಒರೆಸಿ, ರೀಲಿನ ಅಂಚನ್ನು ಮೆತ್ತಗಿನ ಒಣ ಬ್ರಷ್‌ನಿಂದ ಉದುರಿಸಿ, ಸಾಧ್ಯವಾದರೆ ಎರಡೂ ರೀಲನ್ನು ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿ. ಆಮೇಲೆ ಬಾಗಿಲೆತ್ತಿ ಹಿಡಿದು, ತಳದ ನಡುವಿನ ತೂತಿನಲ್ಲಿ ಪೆನ್ಸಿಲ್ ತುದಿ ಒತ್ತಿ ಬ್ರೇಕ್ ಬಿಡಿಸಿ, ಟೇಪಿನ ಎರಡೂ ಬದಿಗೆ ಮಡಚಿದ ಮೈಕ್ರೋಫೈಬರ್ ಬಟ್ಟೆಯನ್ನು ಹಗುರವಾಗಿ ಹಿಡಿದು ಕೈಯಿಂದಲೇ ರೀಲು ತಿರುಗಿಸುತ್ತ ಒರೆಸಬೇಕು. ಇದಕ್ಕೆ ಇಬ್ಬರು ಬೇಕು. ಇ-180 ಕ್ಯಾಸೆಟ್ಟಿನಲ್ಲಿ 250 ಮೀಟರಿಗೂ ಹೆಚ್ಚು ಟೇಪಿರುತ್ತದೆ. ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಬೇಜಾರು ಬರುತ್ತದೆ, ಬೇರೆ ದಾರಿ ಇಲ್ಲ. 8 ಮಿ.ಮೀ. ಕ್ಯಾಸೆಟ್ಟಿಗೆ (ಹ್ಯಾಂಡಿಕ್ಯಾಮ್‌ನ ಸಣ್ಣ ಕ್ಯಾಸೆಟ್) ಈ ಉಪಾಯ ಮಾಡಬೇಡಿ. ಆ ಟೇಪು ತೀರಾ ತೆಳು, ಕೆಲವು ಹೈ8 ಟೇಪುಗಳ ಮೇಲಿನ ಲೋಹದ ಪದರ ಉಜ್ಜಿದರೆ ಕಿತ್ತು ಬರುತ್ತದೆ. ಬೂಷ್ಟು ಹಿಡಿದ 8 ಮಿ.ಮೀ. ಕ್ಯಾಸೆಟ್ ಒಂದೆರಡೇ ಇದ್ದು ಅದು ಮುಖ್ಯವಾದುದಾದರೆ, ಆ ಕೆಲಸದ ಯಂತ್ರ ಇರುವವರಿಗೇ ದುಡ್ಡು ಕೊಟ್ಟು ಮಾಡಿಸಿ.

ಕಾಲವನ್ನೂ ನೋಡಿಕೊಳ್ಳಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುವಾಗ ಕೂತರೆ ಅರ್ಧ ತೊಂದರೆ ಬರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕ್ಯಾಮೆರಾದ ತೇವದ ಸೆನ್ಸರೇ ಟೇಪು ಓಡಲು ಬಿಡುವುದಿಲ್ಲ. ಸೋನಿ ಹ್ಯಾಂಡಿಕ್ಯಾಮ್‌ನ ನಂತರದ ಮಾದರಿಗಳಲ್ಲಿ ಪರದೆಯ ಮೇಲೆ ಸಿ:21 ಎಂದು ಬಂದರೆ ಅದೇ: ಒಳಗೆ ತೇವ ಕೂತಿದೆ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು ಒಂದು ಗಂಟೆಯಾದರೂ ಕಾಯಬೇಕು. ಸಿ:22 ಎಂದರೆ ಹೆಡ್ ಕೊಳೆಯಾಗಿದೆ. ಸಿ:31, ಸಿ:32 ಬಂದರೆ ಯಂತ್ರಭಾಗದ ತೊಂದರೆ; ಬ್ಯಾಟರಿ, ಅಡಾಪ್ಟರ್ ಎರಡೂ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಾಗ ಹೋಗದಿದ್ದರೆ ರಿಪೇರಿಯೇ.

ಕ್ಯಾಸೆಟ್ ಯಾವುದು, ಓಡಿಸುವುದು ಯಾವುದರಲ್ಲಿ

ವಿಎಚ್‌ಎಸ್ ಎಲ್ಲರಿಗೂ ಗೊತ್ತು. ಅದರ ಸಣ್ಣ ತಮ್ಮ ವಿಎಚ್‌ಎಸ್-ಸಿ. ಅದನ್ನು ಒಂದು ಎಎ ಸೆಲ್ ಹಾಕುವ ಅಡಾಪ್ಟರ್ ಚಿಪ್ಪಿನೊಳಗೆ ಕೂರಿಸಿ ಮಾಮೂಲಿ ವಿಸಿಆರ್‌ನಲ್ಲೇ ಓಡಿಸಬಹುದು. ವಿಡಿಯೋ8, ಹೈ8, ಡಿಜಿಟಲ್8 ನೋಡಲು ಒಂದೇ ಥರ, ಆಡಿಯೋ ಕ್ಯಾಸೆಟ್ಟಿಗಿಂತ ತುಸು ದಪ್ಪ. ಇವನ್ನು ವಿಸಿಆರ್‌ಗೆ ಹಾಕುವ ಅಡಾಪ್ಟರ್ ಯಾವ ಕಾಲಕ್ಕೂ ಇರಲಿಲ್ಲ; ಇದೆ ಎಂದು ಯಾರಾದರೂ ಮಾರಲು ಬಂದರೆ ಅದು ವಿಎಚ್‌ಎಸ್-ಸಿಯದ್ದೇ. 8 ಮಿ.ಮೀ. ಕ್ಯಾಸೆಟ್ಟಿಗೆ 8 ಮಿ.ಮೀ. ಕ್ಯಾಮೆರಾವೇ ಬೇಕು. ಹೈ8 ಕ್ಯಾಮೆರಾ ವಿಡಿಯೋ8 ಅನ್ನೂ ಓದುತ್ತದೆ, ಉಲ್ಟಾ ಇಲ್ಲ. ಇನ್ನೂ ಸಣ್ಣದಾದ ಮಿನಿಡಿವಿ ಡಿಜಿಟಲ್, ಅದಕ್ಕೆ ಫೈರ್‌ವೈರ್ ಎಂಬ ಬೇರೆ ಥರದ ವೈರ್ ಬೇಕು. ಅದರ ಮಾತು ಇಲ್ಲಿ ಬೇಡ.

ಭಟ್ಕಳ, ಹೊನ್ನಾವರದ ಕಡೆ ದುಬೈಯಿಂದ ಬಂದ ಕ್ಯಾಮೆರಾಗಳು ಬಹುಪಾಲು ಪಾಲ್ ಎಂಬ ಟಿವಿ ಪದ್ಧತಿಯವು, ನಮ್ಮ ದೇಶದ್ದೂ ಅದೇ, ತೊಂದರೆಯಿಲ್ಲ. ಅಮೆರಿಕದಿಂದ ಬಂದ ಕ್ಯಾಮೆರಾದಲ್ಲಿ ತೆಗೆದದ್ದು ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯದು. ಪಾಲ್ ಕ್ಯಾಮೆರಾದಲ್ಲಿ ಅದು ಬಣ್ಣವಿಲ್ಲದೆ ಅಥವಾ ಉರುಳುತ್ತ ಬರುತ್ತದೆ. ಆಗ ಅದೇ ಹಳೆ ಕ್ಯಾಮೆರಾ ಬೇಕು, ಸಾಫ್ಟ್‌ವೇರಿನಲ್ಲೂ 720×480, ಸೆಕೆಂಡಿಗೆ 29.97 ಫ್ರೇಮ್ ಎಂದು ಬದಲಿಸಬೇಕು.

ದುಡ್ಡು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಪ್ಲೇಯರಿಗೆ. ಡಾಂಗಲ್ 500–1,000 ರೂಪಾಯಿಯೊಳಗೆ ಸಿಗುತ್ತದೆ, ಸಾಫ್ಟ್‌ವೇರ್ ಪುಕ್ಕಟೆ. ಚಿತ್ರ ಚೆನ್ನಾಗಿ ಬರುವುದೂ ಹಾಳಾಗುವುದೂ ಟೇಪನ್ನು ಓದುವ ಯಂತ್ರದಲ್ಲಿ. ವಿಸಿಆರ್ ಹೊಸದಾಗಿ ಬರುವುದಿಲ್ಲ, ಜಪಾನಿನ ಫುನಾಯ್ ಕೊನೆಯದಾಗಿ ತಯಾರಿಕೆ ನಿಲ್ಲಿಸಿದ್ದು 2016ರ ಜುಲೈನಲ್ಲಿ. ಆದರೆ ಹಳೆ ಮದುವೆ ಸ್ಟುಡಿಯೋ, ಕೇಬಲ್ ಟಿವಿ ನಡೆಸಿದವರು, ಬಾಡಿಗೆ ಕ್ಯಾಸೆಟ್ ಅಂಗಡಿಯಿಟ್ಟವರು ಇವರ ಹತ್ತಿರ ಕೇಳಿದರೆ ಮೂಲೆಯಲ್ಲೊಂದು ಇರುತ್ತದೆ. ಕೊಳ್ಳುವಾಗ ಹೋದರೂ ಪರವಾಗಿಲ್ಲದ ಕ್ಯಾಸೆಟ್ ಹಾಕಿ ಪ್ಲೇ, ರಿವೈಂಡ್, ಇಜೆಕ್ಟ್ ಮಾಡಿ ನೋಡಿ. ರಿವೈಂಡ್ ಮಾಡುವಾಗ ತಿಣುಕುತ್ತಿದ್ದರೆ ರಬ್ಬರ್ ಬೆಲ್ಟ್ ಸಡಿಲಾಗಿರಬಹುದು, ಹಳೆ ರೇಡಿಯೋ ರಿಪೇರಿಯವರು ಹಾಕಿಕೊಡುತ್ತಾರೆ. ಟೇಪು ಅಗಿಯುವ ವಿಸಿಆರ್ ಪುಕ್ಕಟೆ ಕೊಟ್ಟರೂ ಬೇಡ.

90ರ ದಶಕದ ಮೊದಲ ಭಾಗದ ಹೈ8 ಕ್ಯಾಮೆರಾಗಳಿಗೆ ಬೇರೊಂದು ರೋಗವಿದೆ. ಒಳಗಿನ ಸಣ್ಣ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನು ತಿನ್ನುತ್ತವೆ. ಚಿತ್ರ ಮಂಕಾಗುತ್ತದೆ, ವ್ಯೂಫೈಂಡರ್ ಕಪ್ಪಾಗುತ್ತದೆ, ಕ್ಯಾಮೆರಾದಿಂದ ಮೀನಿನ ವಾಸನೆ ಬರುತ್ತದೆ. ಕಾರವಾರದಲ್ಲಿ ಈ ಕೊನೆಯ ಲಕ್ಷಣದಿಂದ ಏನೂ ಪತ್ತೆಯಾಗಲಿಕ್ಕಿಲ್ಲ, ಆದರೂ ಕ್ಯಾಸೆಟ್ ಬಾಗಿಲ ಹತ್ತಿರ ಮೂಗು ಒಡ್ಡಿ ನೋಡಿ. ಬ್ಯಾಟರಿ ಸತ್ತಿರುವುದು ಮಾತ್ರ ದೊಡ್ಡ ವಿಷಯವಲ್ಲ. 90ರ ದಶಕದ ಮಧ್ಯದ ನಂತರದ ಬಹಳಷ್ಟು ಸೋನಿ ಹೈ8 ಮಾದರಿಗಳು ಎನ್‌ಪಿ-ಎಫ್ ಸರಣಿಯ 7.2 ವೋಲ್ಟ್ ಬ್ಯಾಟರಿ ಹಾಕಿಸಿಕೊಳ್ಳುತ್ತವೆ. ಈಗಿನ ಮದುವೆ ಫೋಟೋಗ್ರಾಫರುಗಳು ಎಲ್‌ಇಡಿ ಲೈಟಿಗೆ ಬಳಸುವುದು ಅದನ್ನೇ, ಒಂದು ದಿನದ ಮಟ್ಟಿಗೆ ಕೇಳಿ ತರಬಹುದು. ಅಡಾಪ್ಟರ್ ಹಾಕುವುದಾದರೆ ಕ್ಯಾಮೆರಾದ ಡಿಸಿ ಇನ್ ಹತ್ತಿರ ಬರೆದ ವೋಲ್ಟೇಜನ್ನೇ ನೋಡಿ ಹೊಂದಿಸಿ.

ಹೆಡ್ ತೊಳೆಯುವುದು

ಚಿತ್ರದಲ್ಲಿ ಮಂಜು ಸುರಿದಂತೆ ಚುಕ್ಕೆ ತುಂಬಿದ್ದರೆ, ಧ್ವನಿ ಮಾತ್ರ ಸರಿ ಬರುತ್ತಿದ್ದರೆ ಹೆಡ್ ಕಟ್ಟಿದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಎಂದು ಕೇಳಿ, ಶೇ. 99ರದ್ದು ಬೇಕು. ಸ್ಯಾನಿಟೈಸರ್ ನಡೆಯದು, ಅದರಲ್ಲಿ ನೀರೂ ಇದೆ, ಗ್ಲಿಸರಿನ್ನೂ ಇದೆ. ವಿಸಿಆರ್‌ನ ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿ. ಬಿಳಿ ಹಾಳೆಯ ಎರಡು ಬೆರಳಗಲದ ಪಟ್ಟಿಯನ್ನು ಐಪಿಎಯಲ್ಲಿ ಅದ್ದಿ, ಹೆಡ್ ಕೂತಿರುವ ಹೊಳೆಯುವ ಡ್ರಮ್ಮಿನ ಪಕ್ಕಕ್ಕೆ ಅಲುಗದಂತೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನ ಅಂಚಿನಿಂದ ನಿಧಾನವಾಗಿ ಹತ್ತು ಸುತ್ತು ತಿರುಗಿಸಿ. ಹಾಳೆ ನಿಂತಲ್ಲೇ ನಿಲ್ಲಬೇಕು, ಡ್ರಮ್ ಮಾತ್ರ ತಿರುಗಬೇಕು. ಮೇಲೆ ಕೆಳಗೆ ಉಜ್ಜಿದರೆ ಕೂದಲೆಳೆಯಷ್ಟಿರುವ ಹೆಡ್ ಮುರಿಯುತ್ತದೆ, ಅಲ್ಲಿಗೆ ವಿಸಿಆರ್ ಕಥೆ ಮುಗಿಯಿತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಡ್ರಮ್ಮಿನ ಹತ್ತಿರ ತರಬೇಡಿ, ನಾರು ಸಿಕ್ಕಿಕೊಳ್ಳುತ್ತದೆ. ಪಕ್ಕದ ಆಡಿಯೋ ಹೆಡ್‌ಗೆ, ಲೋಹದ ಗೈಡ್‌ಗಳಿಗೆ ಅದನ್ನು ಬಳಸಬಹುದು. ಟೇಪನ್ನು ಎಳೆಯುವ ಕಪ್ಪು ರಬ್ಬರ್ ರೋಲರನ್ನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಸ್ಪಿರಿಟ್ಟಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ಎಲ್ಲ ಆರಲು ಅರ್ಧ ಗಂಟೆ ಕೊಡಿ. ಕ್ಯಾಮೆರಾದ ಡ್ರಮ್ ಕೈಗೆ ಸಿಗುವುದು ಕಷ್ಟ, ಅದಕ್ಕೆ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ನೋಡಿ. ಪದೇ ಪದೇ ಬೇಡ, ಅದು ಹೆಡ್ಡನ್ನು ಸವೆಸುತ್ತದೆ.

ವೈರು, ಡಾಂಗಲ್

ಕ್ಯಾಸೆಟ್ ಹಾಕುವ ಮೊದಲು ಅಳಿಸದಂತೆ ಭದ್ರ ಮಾಡಿ: ವಿಎಚ್‌ಎಸ್ ಬೆನ್ನಿನ ಪ್ಲಾಸ್ಟಿಕ್ ತುಂಡು ಮುರಿದುಹಾಕಿ, 8 ಮಿ.ಮೀ.ಯಲ್ಲಿ ಕೆಂಪು ಕಾಣುವ ಹಾಗೆ ಪಟ್ಟಿ ಸರಿಸಿ. ಕ್ಯಾಮೆರಾ ಪ್ಲೇಯರ್ ಸ್ಥಾನದಲ್ಲಿರಲಿ. ಬಹಳ ವರ್ಷ ಸುತ್ತಿಟ್ಟ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಪೂರ್ತಿ ರಿವೈಂಡ್ ಮಾಡಿದರೆ ಬಿಗಿ ಸಮವಾಗುತ್ತದೆ, ಚಿತ್ರ ಕುಲುಕುವುದು ಕಡಿಮೆಯಾಗುತ್ತದೆ.

ಹೈ8 ಕ್ಯಾಮೆರಾದಲ್ಲಿ ನಾಲ್ಕು ಪಿನ್ನಿನ ಎಸ್-ವಿಡಿಯೋ ತೂತಿದ್ದರೆ ಅದನ್ನೇ ಬಳಸಿ, ಹಳದಿ ಪಿನ್ ಖಾಲಿ ಬಿಡಿ. ಬಣ್ಣ ಮತ್ತು ಬೆಳಕು ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಕೆಂಪು ಸೀರೆಯ ಅಂಚಿನಲ್ಲಿ ಚುಕ್ಕೆಗಳು ಓಡಾಡುವುದು ನಿಲ್ಲುತ್ತದೆ. ಧ್ವನಿಗೆ ಬಿಳಿ, ಕೆಂಪು ಪಿನ್ ಬೇಕೇ ಬೇಕು. ಸಣ್ಣ ಕ್ಯಾಮೆರಾಗಳಲ್ಲಿ ಮೂರಕ್ಕೂ ಸೇರಿ 3.5 ಮಿ.ಮೀ.ನ ಒಂದೇ ತೂತಿರುತ್ತದೆ. ಅಂಗಡಿಯಿಂದ ತಂದ ಸೆಟ್‌ಟಾಪ್ ಬಾಕ್ಸಿನ ವೈರ್ ಹಾಕಿದಾಗ ಚಿತ್ರ ಬಾರದಿದ್ದರೆ ವೈರ್ ಎಸೆಯಬೇಡಿ. ಒಳಗಿನ ಜೋಡಣೆ ಕಂಪನಿಗೊಂದು ಥರ. ಡಾಂಗಲ್ಲಿನ ಹಳದಿ ತೂತಿಗೆ ಕೆಂಪು ಪಿನ್ನನ್ನೋ ಬಿಳಿಯನ್ನೋ ಹಾಕಿ ನೋಡಿ, ಹೆಚ್ಚಿನ ಸಲ ಅಲ್ಲೇ ಚಿತ್ರ ಸಿಗುತ್ತದೆ.

ಈಸಿಕ್ಯಾಪ್ ಎಂಬ ಹೆಸರಿನಲ್ಲಿ ಬರುವ ಡಾಂಗಲ್ಲುಗಳೆಲ್ಲ ಹೊರಗೆ ಒಂದೇ, ಒಳಗೆ ಬೇರೆ ಬೇರೆ ಚಿಪ್. ಎಸ್‌ಟಿಕೆ1160, ಯುಟಿವಿ007 ಚಿಪ್‌ಗಳಿಗೆ ಲಿನಕ್ಸ್ ಕರ್ನೆಲ್‌ನಲ್ಲೇ ಡ್ರೈವರ್ ಇದೆ. ವಿಂಡೋಸ್‌ನಲ್ಲಿ ಚಿಪ್ ಹೆಸರು ನೋಡಿ ಡ್ರೈವರ್ ಹಾಕಿಕೊಳ್ಳಬೇಕು. ಜೊತೆಗೆ ಬರುವ ಸಣ್ಣ ಸಿಡಿಯ ಎಡಿಟಿಂಗ್ ಸಾಫ್ಟ್‌ವೇರ್ ಹಾಕುವ ಅಗತ್ಯವಿಲ್ಲ. ನಾನು ಬೇಡವೆನ್ನುವುದು ಇನ್ನೊಂದು ಜೋಡಿಯನ್ನು: ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಸಣ್ಣ ಡಬ್ಬಿ, ಅದಕ್ಕೆ ಎಚ್‌ಡಿಎಂಐ ಡಾಂಗಲ್. ಪೆಟ್ಟಿಗೆಯ ಮೇಲೆ 1080 ಎಂದು ಬರೆದಿರುತ್ತದೆ, ಕೇಳಲು ಚೆಂದ. ಆ ಡಬ್ಬಿ ಪಾಲ್‌ನ ಸೆಕೆಂಡಿಗೆ 50 ಅರೆಚಿತ್ರಗಳನ್ನು (ಒಂದೊಂದರಲ್ಲೂ ಫ್ರೇಮಿನ ಅರ್ಧ ಗೆರೆಗಳಷ್ಟೇ) ಅಂದಾಜಿನಲ್ಲಿ ಬೆರೆಸಿ, ಹಿಗ್ಗಿಸಿ, ಅಗಲ ಪರದೆಗೆ ಎಳೆದು ಕೊಡುತ್ತದೆ. ಡಾಂಗಲ್ ಅದನ್ನು 30ಕ್ಕೆ ಇಳಿಸುತ್ತದೆ. ಯಕ್ಷಗಾನದಲ್ಲಿ ವೇಷ ದಿಂಗಣ ಹಾಕುವಾಗ (ಸುತ್ತುತ್ತ ಜಿಗಿಯುವಾಗ) ಚಿತ್ರ ತಡವರಿಸುವುದು ಅಲ್ಲೇ ಕಾಣುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡದು.

ಡಾಂಗಲ್ಲನ್ನು ಹಬ್ ಇಲ್ಲದೆ ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಚಿತ್ರದಲ್ಲಿ ಅಡ್ಡ ಪಟ್ಟೆ ತೇಲುತ್ತಿದ್ದರೆ, ಧ್ವನಿಯಲ್ಲಿ ಗುಂಯ್ ಎಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಅರ್ತಿಂಗ್ ಸರಿಯಿಲ್ಲದ ಹಳೆ ವೈರಿಂಗಿನ ಮನೆಗಳಲ್ಲಿ ಬಹುಪಾಲು ಇದೇ ಕಾರಣ. ಕರೆಂಟು ಹೋದರೆ ಲ್ಯಾಪ್‌ಟಾಪ್ ಓಡುತ್ತದೆ, ವಿಸಿಆರ್ ಮಾತ್ರ ಟೇಪನ್ನು ಡ್ರಮ್ಮಿಗೆ ಸುತ್ತಿಕೊಂಡೇ ನಿಂತುಬಿಡುತ್ತದೆ. ಅದನ್ನು ಇನ್ವರ್ಟರ್ ಲೈನಿಗೆ ಹಾಕಿ, ಅದು ಎಳೆಯುವ ಕರೆಂಟು ಒಂದು ಬಲ್ಬಿನಷ್ಟು.

ಹಿಡಿಯುವುದು

ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಡಿಯುವ ಸಾಫ್ಟ್‌ವೇರ್ ವರ್ಚುವಲ್‌ಡಬ್2 ಪುಕ್ಕಟೆ ಸಿಗುತ್ತದೆ, ಈ ಕೆಲಸಕ್ಕೆ ಅದೇ ಸರಿ. ಒಬಿಎಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಸುಲಭ, ಆದರೆ ಮೊದಲೇ ಕುಗ್ಗಿಸಿ ಹಿಡಿಯುವ ಆಸೆ ಹುಟ್ಟಿಸುತ್ತದೆ. ಫೈಲ್ ಮೆನುವಿನಲ್ಲಿ ಕ್ಯಾಪ್ಚರ್ ಎವಿಐ ತೆರೆದು, ಡಿವೈಸ್‌ನಲ್ಲಿ ಡಾಂಗಲ್ ಆರಿಸಿ. ಪದ್ಧತಿ ಪಾಲ್-ಬಿ, ಅಳತೆ 720×576, ಬಣ್ಣ ವೈಯುವೈ2, ಸೆಕೆಂಡಿಗೆ 25 ಫ್ರೇಮ್. ಧ್ವನಿ 48,000 ಹರ್ಟ್ಸ್, 16 ಬಿಟ್, ಸ್ಟೀರಿಯೋ, ಕುಗ್ಗಿಸದೆ. ವಿಡಿಯೋ ಕಂಪ್ರೆಷನ್‌ಗೆ ಹಫ್‌ವೈಯುವಿ ಅಥವಾ ಲಗರಿತ್. ಎರಡೂ ಏನನ್ನೂ ಬಿಸಾಡದೆ ಕುಗ್ಗಿಸುತ್ತವೆ. ಕುಗ್ಗಿಸದೆ ಗಂಟೆಗೆ 75 ಜಿಬಿ ಬೇಕಾಗುವುದು ಹೀಗೆ 30 ಜಿಬಿ ಹತ್ತಿರಕ್ಕೆ ಬರುತ್ತದೆ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಹತ್ತು ನಿಮಿಷಕ್ಕೇ ಕೆಲಸ ನಿಲ್ಲುತ್ತದೆ.

ಗಂಟೆಗೆ 30 ಜಿಬಿ ಎಂದರೆ ಹೌಹಾರುವವರಿದ್ದಾರೆ. ಕೆಲವು ಟೇಪುಗಳು ಒಂದೇ ಸಲ ಚೆನ್ನಾಗಿ ಓಡುವಷ್ಟು ಜೀವ ಉಳಿಸಿಕೊಂಡಿರುತ್ತವೆ. ಆ ಒಂದು ಸಲದ್ದನ್ನು ಪೂರ್ತಿ ಹಿಡಿದಿಟ್ಟುಕೊಳ್ಳಿ, ಕುಗ್ಗಿಸುವುದನ್ನು ಆಮೇಲೆ ಬೇಕಾದಷ್ಟು ಸಲ ಮಾಡಬಹುದು. ಎಲ್ಲಕ್ಕೂ ಜಾಗವಿಲ್ಲವಾದರೆ ಆರಿಸಿಕೊಳ್ಳಿ. ಮದುವೆಯ ವಿಎಚ್‌ಎಸ್ ಸಾಮಾನ್ಯವಾಗಿ ಸ್ಟುಡಿಯೋದವರು ಎಡಿಟ್ ಮಾಡಿ ಕೊಟ್ಟ ನಕಲು, ಚಿತ್ರ ಆಗಲೇ ಸವೆದಿರುತ್ತದೆ. ಮನೆಯವರೇ ತೆಗೆದ 8 ಮಿ.ಮೀ. ಕ್ಯಾಸೆಟ್ ಮೂಲಪ್ರತಿ, ಅದು ಮೊದಲು. ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಯಕ್ಷಗಾನ ಬಯಲಾಟವನ್ನು ಚೌಕಿ (ವೇಷ ಕಟ್ಟುವ ಜಾಗ) ಪಕ್ಕ ನಿಂತು ಯಾರೋ ತೆಗೆದದ್ದಿದ್ದರೆ ಅದು, 2005ರಲ್ಲಿ ಕಾರವಾರದ ಕದಂಬ ನೌಕಾನೆಲೆಯಾಗುವುದಕ್ಕೂ ಮುಂಚಿನ ಅರ್ಗಾ, ಬಿಣಗಾ ಕಡೆಯ ಮನೆ, ತೀರ, ದೇವರ ಕಾರ್ಯ ಇದ್ದರೆ ಅದು. ಅಂಥವನ್ನು ಮತ್ತೆ ಚಿತ್ರೀಕರಿಸಲಿಕ್ಕೆ ಆ ಜನವೂ ಇಲ್ಲ, ಆ ಜಾಗಕ್ಕೆ ಹೋಗಲೂ ಬಿಡುವುದಿಲ್ಲ.

ಶುರು ಮಾಡುವ ಮೊದಲು ಕ್ಯಾಮೆರಾದ ಮೆನುವಿನಲ್ಲಿ ಡಿಸ್‌ಪ್ಲೇ ಎಂಬುದನ್ನು ಎಲ್‌ಸಿಡಿಗೆ ಮಾತ್ರ ಇಡಿ, ಇಲ್ಲದಿದ್ದರೆ ಕೌಂಟರ್ ಅಂಕಿಗಳೂ ವಿಡಿಯೋದಲ್ಲಿ ಅಚ್ಚಾಗುತ್ತವೆ. ಚಿತ್ರೀಕರಿಸುವಾಗಲೇ ಮೂಡಿದ ತಾರೀಕು ಹೋಗುವುದಿಲ್ಲ, ಇರಲಿ, ಒಳ್ಳೆಯದೇ. ಅಲುಗುವ ಗೆರೆಗಳನ್ನು ಜೋಡಿಸುವ ಟಿಬಿಸಿ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ವಿಸಿಆರ್‌ನಲ್ಲಿ ನೀಲಿ ಪರದೆ ತೋರಿಸುವ ಸೌಲಭ್ಯ ಆಫ್ ಮಾಡಿ. ಟ್ರ್ಯಾಕಿಂಗ್ ಗುಂಡಿ ಒತ್ತುತ್ತ ಗದ್ದಲದ ಪಟ್ಟೆಯನ್ನು ಚಿತ್ರದಿಂದ ಹೊರಗೆ ಓಡಿಸಿ. ತೀರಾ ಕೆಳಗಿನ ಆರೆಂಟು ಗೆರೆಗಳ ಗಲಿಬಿಲಿ ಮಾತ್ರ ಎಲ್ಲ ವಿಎಚ್‌ಎಸ್‌ಗೂ ಇದ್ದದ್ದೇ. ವರ್ಚುವಲ್‌ಡಬ್‌ನ ಹಿಸ್ಟೋಗ್ರಾಮ್ ತೆರೆದು ಬಲತುದಿ ಕೆಂಪಾಗದಂತೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿ. ಹ್ಯಾಲೋಜನ್ ಲೈಟಿನಡಿ ಮದುಮಗನ ಬಿಳಿ ಪಂಚೆ ಒಮ್ಮೆ ಸುಣ್ಣವಾದರೆ ಅದರ ನೆರಿಗೆ ಮತ್ತೆ ಬರುವುದಿಲ್ಲ.

ಇಷ್ಟಾದ ಮೇಲೆ ಎಲ್ಲರನ್ನೂ ಕಾಡುವುದು ತುಟಿಗೂ ಮಾತಿಗೂ ಹೊಂದದಿರುವುದು. ಹಳೆ ಟೇಪು ಒಂದೇ ವೇಗದಲ್ಲಿ ಬರುವುದಿಲ್ಲ, ಪ್ರತಿ ಗೆರೆಯೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಅಗ್ಗದ ಡಾಂಗಲ್ ತಾಳ ತಪ್ಪಿದಲ್ಲಿ ಫ್ರೇಮನ್ನೇ ಬಿಟ್ಟುಬಿಡುತ್ತದೆ, ಧ್ವನಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಗಂಟೆಗೆ 90,000 ಫ್ರೇಮ್. ಅದರಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗಗಳಲ್ಲಿ ಹತ್ತಿಪ್ಪತ್ತು ಹೋದರೆ ತಲೆಕೆಡಿಸಿಕೊಳ್ಳಬೇಡಿ. ಬಲಬದಿಯ ಪಟ್ಟಿಯಲ್ಲಿ ಡ್ರಾಪ್ಡ್ ಎಂಬ ಅಂಕಿ ಸುಮ್ಮನೆ ಏರುತ್ತಲೇ ಇದ್ದರೆ ನಿಲ್ಲಿಸಿ. ಮೊದಲು ಕಂಪ್ಯೂಟರಿನ ತಪ್ಪು ನೋಡಿ: ಆಂಟಿವೈರಸ್, ವೈಫೈ, ಬ್ರೌಸರ್ ಮುಚ್ಚಿ, ವರ್ಚುವಲ್‌ಡಬ್‌ನಲ್ಲಿ ಧ್ವನಿ ಕೇಳಿಸುವುದನ್ನು ಆಫ್ ಮಾಡಿ. ಆದರೂ ಏರಿದರೆ ತಪ್ಪು ಟೇಪಿನದು. ಅದಕ್ಕೆ ಅಗ್ಗದ ಮದ್ದು ಹಳೆಯ ಡಿವಿಡಿ ರೆಕಾರ್ಡರ್. ಪ್ಲೇಯರ್ ಅಲ್ಲ, ರೆಕಾರ್ಡರ್. ವಿಸಿಆರ್‌ನಿಂದ ಅದರ ಇನ್‌ಪುಟ್ಟಿಗೆ, ಅದರ ಔಟ್‌ಪುಟ್ಟಿನಿಂದ ಡಾಂಗಲ್ಲಿಗೆ. ರೆಕಾರ್ಡ್ ಒತ್ತುವುದು ಬೇಡ, ಸಿಗ್ನಲ್ ಅದರೊಳಗಿಂದ ಹಾದುಹೋದರೆ ಸಾಕು. ಹಲವು ಮಾದರಿಗಳು ಗೆರೆಗಳನ್ನು ಜೋಡಿಸಿ ಹೊರಗೆ ಕಳಿಸುತ್ತವೆ. ಪ್ಯಾನಸಾನಿಕ್‌ನ ಡಿಎಂಆರ್-ಇಎಸ್10, ಇಎಸ್15 ಇದಕ್ಕೇ ಹೆಸರಾದವು. ಡಿವಿಡಿ ಡ್ರೈವ್ ಕೆಟ್ಟು ಮೂಲೆ ಸೇರಿದ್ದೂ ಈ ಕೆಲಸಕ್ಕೆ ಬರುತ್ತದೆ.

ಹೊಂದಿದೆಯೋ ಇಲ್ಲವೋ ಎಂದು ಟೇಪಿನ ಕೊನೆಯ ಐದು ನಿಮಿಷದಲ್ಲಿ ನೋಡಿ, ಮೊದಲಿನಲ್ಲಿ ಎಲ್ಲವೂ ಸರಿಯೇ ಇರುತ್ತದೆ. ಯಕ್ಷಗಾನದ ಕ್ಯಾಸೆಟ್ಟಾದರೆ ಚಂಡೆಯ ಕೋಲು ಬಿದ್ದ ಫ್ರೇಮಿಗೂ ಸದ್ದಿಗೂ ಎಷ್ಟು ಅಂತರ ಎಂದು ಎಣಿಸಬಹುದು, ಮದುವೆಯದಾದರೆ ಗಟ್ಟಿಮೇಳ ಹುಡುಕಿ. ಹೈಫೈ ವಿಸಿಆರ್‌ನಲ್ಲಿ ಧ್ವನಿ ಬರ್ರ್ ಎನ್ನುತ್ತಿದ್ದರೆ ಆಡಿಯೋವನ್ನು ನಾರ್ಮಲ್ ಅಥವಾ ಮೋನೋಗೆ ಬದಲಿಸಿ.

ಮನೆಮಂದಿಗೆ ಕೊಡುವ ಫೈಲು

30 ಜಿಬಿಯದ್ದು ಮೂಲ, ಅದನ್ನು ಎರಡು ಡಿಸ್ಕಿನಲ್ಲಿಡಿ. ಹಂಚಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಇನ್ನೊಂದು ಪ್ರತಿ ಮಾಡಿ. ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್‌ಗೆ ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್, ಪ್ರಿಸೆಟ್ ಬಾಬ್, ಇಂಟರ್‌ಲೇಸ್ ಪತ್ತೆ ಆಫ್, ಫ್ರೇಮ್ ರೇಟ್ 50, ಸ್ಥಿರ. ಹೀಗೆ ಮಾಡಿದರೆ ಅರೆಚಿತ್ರಗಳೆಲ್ಲ ಪೂರ್ಣ ಚಿತ್ರವಾಗಿ ಚಲನೆ ಟಿವಿಯಲ್ಲಿ ಕಂಡಷ್ಟೇ ನಯವಾಗಿರುತ್ತದೆ. ಚಿತ್ರ ಮುಂದೆ ಹಿಂದೆ ನಡುಗಿದರೆ ಅರೆಚಿತ್ರಗಳ ಕ್ರಮ ತಿರುವುಮುರುವಾಗಿದೆ. ಇಂಥ ಡಾಂಗಲ್ಲುಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಅಳತೆಯನ್ನು 4:3 ಕಾಣುವಂತೆ 768×576ಕ್ಕೆ ಹೊಂದಿಸಿ, 16:9ಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಬೇಡಿ. ಎಚ್264, ಗುಣಮಟ್ಟ ಆರ್‌ಎಫ್ 18 ಇಟ್ಟರೆ ಗಂಟೆಗೆ ಸಾಮಾನ್ಯವಾಗಿ 3–5 ಜಿಬಿ; ವಾಟ್ಸ್ಯಾಪ್‌ನಲ್ಲಿ ಕಳಿಸುವ ಆಸೆ ಬಿಟ್ಟು ಪೆನ್‌ಡ್ರೈವ್‌ನಲ್ಲಿ ಕೊಡಿ.

ಯೂಟ್ಯೂಬಿಗೆ ಹಾಕುವುದಾದರೆ 960×720 ಅಥವಾ 1440×1080ಕ್ಕೆ ಹಿಗ್ಗಿಸಿ ಹಾಕಿ. 720ಕ್ಕಿಂತ ಕೆಳಗೆ ಅದು ಸೆಕೆಂಡಿಗೆ 50 ಫ್ರೇಮ್ ಉಳಿಸಿಕೊಳ್ಳುವುದಿಲ್ಲ. ಇನ್ನೊಂದು ಕಿರಿಕಿರಿ ಇದ್ದೇ ಇದೆ: ಆ ಕಾಲದ ಸ್ಟುಡಿಯೋದವರು ಮದುವೆ ಕ್ಯಾಸೆಟ್ಟಿನ ತುಂಬ ಸಿನಿಮಾ ಹಾಡು ತುಂಬಿದ್ದಾರೆ. ಲಿಂಕ್ ಇದ್ದವರಿಗೆ ಮಾತ್ರ ಎಂದಿಟ್ಟರೂ ಹಕ್ಕುದಾರರ ನೋಟಿಸ್ ಬರುತ್ತದೆ, ಕೆಲವು ಹಾಡಿಗೆ ವಿಡಿಯೋವೇ ಮುಚ್ಚಿಹೋಗುತ್ತದೆ. ಸ್ಟುಡಿಯೋದ ಮೂಲ ಕ್ಯಾಸೆಟ್ ಯಾರ ಬಳಿಯಾದರೂ ಉಳಿದಿದ್ದರೆ ಅದರಲ್ಲಿ ಹಾಡಿರುವುದಿಲ್ಲ, ಮಂತ್ರ, ಓಲಗ, ಅಡುಗೆಮನೆಯ ಗದ್ದಲ ಎಲ್ಲ ಹಾಗೇ ಕೇಳುತ್ತದೆ. ಒಮ್ಮೆ ವಿಚಾರಿಸಿ ನೋಡಿ.